ಸತ್ತ ಯಜಮಾನನ ಗುಟುರು

"ಪುಟ್ಟೀ, ಅದ್ಯಾರಿಗೇ ವಾಂತಿ ಆಗ್ತಿರೋದು?"

ಅಡುಗೆಮನೆಯಿಂದ ಅಮ್ಮ ಕೂಗಿದಳು. 2024ರ ನವೆಂಬರ್ ತಿಂಗಳ ಕೊನೆಯ ವಾರದ ಭಾನುವಾರ. ಸಂಜಯನಗರ ಮುಖ್ಯರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ನಮ್ಮ ಮನೆ. ಒಲೆ ಮೇಲೆ ಹುಳಿ ಕುದಿಯುತ್ತಿದೆ, ದೇವಸ್ಥಾನದ ಕಡೆಯಿಂದ ಗಂಟೆ ಕೇಳುತ್ತಿದೆ, ಒಳಕೋಣೆಯಲ್ಲಿ ಅಕ್ಕನ ಮಗಳ ಸ್ಪೀಕರಿನೊಳಗಿಂದ ಯಾವುದೋ ಪ್ರಾಣಿ ಎದ್ದು ಬರುತ್ತಿದೆ. ಪ್ರಾಣಿ ಅಂತಲೇ ನಾನೂ ಅಂದುಕೊಂಡೆ. ಭೂಪಸಂದ್ರದ ಕಡೆ ಹಿಂದೆ ದನದ ಕೊಟ್ಟಿಗೆಗಳಿದ್ದ ಕಾಲದಲ್ಲಿ ರಾತ್ರಿ ಹೊತ್ತು ಗೂಳಿಯೊಂದು ಗುಟುರು ಹಾಕುತ್ತಿದ್ದ ನೆನಪಾಯಿತು.

"ವಾಂತಿ ಅಲ್ಲ ಅಜ್ಜಿ, ಹಾಡು."

"ಹಾಡಾ? ಹಾಡ್ತಿರೋನಿಗೆ ಏನಾಗಿದೆ?"

"ಸತ್ತುಹೋಗಿದ್ದಾನೆ. ಈಗ ಅವನ ಉಯಿಲು ಓದ್ತಿದ್ದಾರೆ."

ಸೌಟು ಹಿಡಿದುಕೊಂಡೇ ಅಮ್ಮ ಬಾಗಿಲಿಗೆ ಬಂದಳು. ಉಯಿಲು ಅಂದರೆ ಯಾರಿಗೆ ತಾನೇ ಕಿವಿ ನೆಟ್ಟಗಾಗುವುದಿಲ್ಲ! ಹತ್ತು ನಿಮಿಷದ ಹಿಂದೆ ಆ ಸದ್ದಿನಿಂದ ತಪ್ಪಿಸಿಕೊಳ್ಳಲು ನ್ಯೂ ಬಿಇಎಲ್ ರೋಡಿನ ಕಡೆ ಕಾಫಿ ಕುಡಿಯಲು ಹೊರಟಿದ್ದ ನಾನು ಚಪ್ಪಲಿ ಬಿಟ್ಟು ವಾಪಸು ಬಂದೆ. ಅವತ್ತು ಕೂತವನು ಎದ್ದದ್ದು ಮಧ್ಯಾಹ್ನ ಎರಡಕ್ಕೆ. ಐವತ್ತು ದಾಟಿದ ಮೇಲೆ ನನ್ನ ಗಂಟಲಿನಲ್ಲಿ ಇನ್ನೊಂದು ಗಂಟಲಿದೆ ಎಂದು ಗೊತ್ತಾದ ದಿನ ಅದು. ಸುಳ್ಳಲ್ಲ, ನಿಮ್ಮಲ್ಲೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉಯಿಲು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಓಪೆತ್ ಎಂಬ ಪ್ರೊಗ್ರೆಸಿವ್ ಮೆಟಲ್ ತಂಡವಿದೆ, ಆಗಲೇ ಮೂವತ್ತೈದು ವರ್ಷಕ್ಕೆ ಹತ್ತಿರವಾಗಿತ್ತು. ಅದರ ಯಜಮಾನ ಮಿಕಾಯೆಲ್ ಓಕರ್‌ಫೆಲ್ಟ್; ಹಾಡು ಕಟ್ಟುವವನೂ ಅವನೇ, ಗಿಟಾರ್ ಬಾರಿಸುವವನೂ ಹಾಡುವವನೂ ಅವನೇ. ನವೆಂಬರ್ 22ರಂದು ಹೊರಬಂದ ಅವರ ಹದಿನಾಲ್ಕನೆಯ ಆಲ್ಬಂ 'ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್' ಒಂದು ಮನೆತನದ ಕತೆ. ಮೊದಲ ಮಹಾಯುದ್ಧ ಮುಗಿದ ಕಾಲ. ದೊಡ್ಡ ಮನೆಯ ಯಜಮಾನ ತೀರಿಕೊಂಡಿದ್ದಾನೆ. ಉಯಿಲು ಕೇಳಲು ಅವಳಿ ಮಕ್ಕಳಿಬ್ಬರು ಬಂದಿದ್ದಾರೆ. ಜೊತೆಗೆ ಆ ಮನೆಯಲ್ಲೇ ಬೆಳೆದ, ಪೋಲಿಯೋ ತಗುಲಿದ ಹುಡುಗಿಯೊಬ್ಬಳಿದ್ದಾಳೆ. ಅವಳ್ಯಾಕೆ ಇಲ್ಲಿ ಎಂದು ಅವಳಿಗಳ ಪ್ರಶ್ನೆ. ಮೊದಲ ಏಳು ಹಾಡುಗಳಿಗೆ ಹೆಸರೇ ಇಲ್ಲ, ನೋಂದಣಿ ಕಚೇರಿಯ ದಸ್ತಾವೇಜಿನಲ್ಲಿ ಕಲಮು ಒಂದು, ಕಲಮು ಎರಡು ಅಂತ ಇರುತ್ತದಲ್ಲ, ಹಾಗೆ ಬರೀ ಸಂಖ್ಯೆ. ಕಲಮಿನಿಂದ ಕಲಮಿಗೆ ಒಂದೊಂದೇ ಗುಟ್ಟು ಬಿಚ್ಚಿಕೊಳ್ಳುತ್ತದೆ. ಅವಳಿಗಳು ತನ್ನ ಮಕ್ಕಳೇ ಅಲ್ಲ, ಆಸ್ತಿ ಆ ಹುಡುಗಿಗೆ ಎನ್ನುತ್ತಾನೆ ಸತ್ತ ಯಜಮಾನ. ಕೊನೆಯ ಹಾಡಿಗೆ ಮಾತ್ರ ಹೆಸರಿದೆ. ಅದರಲ್ಲಿ ಆ ಹುಡುಗಿಗೆ ಒಂದು ಕಾಗದ ಬರುತ್ತದೆ: ಅವಳೂ ಅವನ ಮಗಳಲ್ಲ.

"ಅಯ್ಯೋ ಶಿವನೇ," ಎಂದಳು ಅಮ್ಮ. ಸೌಟಿನಿಂದ ಹುಳಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಇಷ್ಟಕ್ಕೂ ಜಗಳ ಇರುವುದು ಕತೆಯ ಬಗ್ಗೆ ಅಲ್ಲ, ದನಿಯ ಬಗ್ಗೆ. ಓಕರ್‌ಫೆಲ್ಟನಿಗೆ ಎರಡು ದನಿ. ಒಂದು ತಿಳಿಯಾದ, ಮೃದುವಾದ, ಸ್ವಲ್ಪ ದುಃಖದ ಹಾಡುದನಿ. ಮೆಟಲ್ ಕೇಳುವವರ ಬಾಯಲ್ಲಿ ಅದು 'ಕ್ಲೀನ್'. ಇನ್ನೊಂದು 'ಗ್ರೌಲ್', ಅಮ್ಮ ವಾಂತಿ ಅಂದದ್ದು, ನಾನು ಗೂಳಿ ಅಂದದ್ದು. 2008ರ ಆಲ್ಬಂವರೆಗೆ ಎರಡೂ ಒಂದೇ ಹಾಡಿನಲ್ಲಿ ಅಕ್ಕಪಕ್ಕ ಇರುತ್ತಿದ್ದವು. 2011ರ 'ಹೆರಿಟೇಜ್' ಬಂದಾಗ ಅವನು ಗುಟುರನ್ನು ಕೈಬಿಟ್ಟ. ಅಲ್ಲಿಂದ ನಾಲ್ಕು ಆಲ್ಬಂ ಬರೀ ತಿಳಿದನಿ. ಲೋಕ ಎರಡು ಪಾಲಾಯಿತು. ಗುಟುರು ಹೋದ ಮೇಲೆ ಓಪೆತ್ ಓಪೆತ್ತೇ ಅಲ್ಲ ಎಂದು ಒಂದು ಪಂಗಡ ಬಾಗಿಲು ಹಾಕಿಕೊಂಡಿತು; ಸದ್ಯ, ಆ ಅರಚಾಟ ನಿಂತಿತು ಎಂದು ಇನ್ನೊಂದು ಪಂಗಡ ಒಳಗೆ ಬಂತು. ಹದಿನಾರು ವರ್ಷದ ಮೇಲೆ ಈ ಆಲ್ಬಂನಲ್ಲಿ ಗುಟುರು ಮರಳಿದೆ! ಬಾಗಿಲು ಹಾಕಿಕೊಂಡವರು ಓಡಿಬಂದರೆ, ಒಳಗೆ ಬಂದವರು ಕಿವಿ ಮುಚ್ಚಿಕೊಂಡಿದ್ದಾರೆ.

ನಮ್ಮ ಹುಡುಗಿ ಓಡಿಬಂದವರ ಪಂಗಡ. "ಮಾಮ, ಸರಿಯಾಗಿ ಕೇಳಿ. ಸುಮ್ಮನೆ ಗುಟುರು ಹಾಕಿಲ್ಲ. ಸತ್ತವನು ಮಾತಾಡುವಾಗ ಹಾಕಿದ್ದಾನೆ."

ನಾನು ಹೌದೋ ಅಲ್ಲವೋ ಎಂದು ತಲೆ ಅಲ್ಲಾಡಿಸುವಷ್ಟರಲ್ಲಿ ಅಮ್ಮ ತೀರ್ಪು ಕೊಟ್ಟಾಯಿತು. "ಮತ್ತೆ ಸತ್ತವನು ಇನ್ನೇನು ಮೋಹನ ಹಾಡ್ತಾನಾ?"

ಇದು ನನಗೆ ಹೊಳೆದೇ ಇರಲಿಲ್ಲ. ಹೆಣದ ಬಾಯಲ್ಲಿ ಇಂಪಾದ ದನಿ ಇಟ್ಟಿದ್ದರೆ ಆ ಉಯಿಲನ್ನು ಯಾರು ನಂಬುತ್ತಿದ್ದರು? ಕಾಗದದ ಮೇಲಿನ ಮಾತು ಮಣ್ಣಿನೊಳಗಿಂದ ಬರಬೇಕಲ್ಲ! ನಡುನಡುವೆ ಕೊಳಲು ಬೇರೆ ಇದೆ. ಜೆಥ್ರೋ ಟಲ್ ತಂಡದ ಇಯಾನ್ ಆ್ಯಂಡರ್ಸನ್ ಊದಿದ್ದು. ಆಗ ಎಪ್ಪತ್ತೇಳು ವರ್ಷದವನಾಗಿದ್ದ ಆ ಮನುಷ್ಯ ಉಯಿಲಿನ ಕೆಲವು ಮಾತುಗಳನ್ನು ಹಳೆಯ ಕಾಲದ ವಕೀಲನ ಗತ್ತಿನಲ್ಲಿ ಓದಿಯೂ ಹೇಳುತ್ತಾನೆ. ಕೊಳಲು ನಿಂತ ಜಾಗದಲ್ಲಿ ಗುಟುರು ಏಳುವಾಗ ನನ್ನ ಮುಂಗೈ ಕೂದಲು ನಿಂತದ್ದನ್ನು ಹುಡುಗಿ ತೋರಿಸಿ ನಕ್ಕಳು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಈ ಓಪೆತ್ ನಮ್ಮ ಮನೆಗೆ ಹೊಸಬರೇ ಹೊರತು ನಮ್ಮ ಊರಿಗಲ್ಲ. 2012ರ ಫೆಬ್ರವರಿಯಲ್ಲಿ ಅವರು ಬಂದು ಅರಮನೆ ಮೈದಾನದಲ್ಲಿ ನುಡಿಸಿ ಹೋಗಿದ್ದಾರೆ. ಸಂಜಯನಗರದಿಂದ ಮೇಖ್ರಿ ವೃತ್ತ ದಾಟಿದರೆ ಮೈದಾನ. ಆ ಸಂಜೆ ನಾನು ಬಳ್ಳಾರಿ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಸಿಕ್ಕಿಬಿದ್ದಿದ್ದೆ. ಸಾಲುಸಾಲು ಹುಡುಗರು ಕಪ್ಪು ಟಿ-ಶರ್ಟು ಹಾಕಿಕೊಂಡು ನಡೆದು ಹೋಗುತ್ತಿದ್ದರು. ಇದೇನು ಸಾವಿನ ಮೆರವಣಿಗೆಯೋ ಎಂದು ಗೊಣಗಿಕೊಂಡು ಮನೆಗೆ ಬಂದು ಟಿವಿ ಹಾಕಿದೆ. ಮೂರು ಕಿಲೋಮೀಟರ್ ಆಚೆ ಇದೇ ಮನುಷ್ಯ ಹಾಡುತ್ತಿದ್ದ! ಅದೇ ವೇದಿಕೆಯಲ್ಲಿ ಬೆಂಗಳೂರಿನವರೇ ಆದ ಕ್ರಿಪ್ಟೋಸ್, ಎಕ್ಸೆಂಟ್ರಿಕ್ ಪೆಂಡುಲಮ್ ತಂಡಗಳೂ ನುಡಿಸಿದ್ದವಂತೆ. ನನಗೆ ಗೊತ್ತಾಗಲು ಹನ್ನೆರಡು ವರ್ಷ ಬೇಕಾಯಿತು.

ಆ ಮೈದಾನದ ಮಣ್ಣಿಗೆ ಕಿವಿಯಿದ್ದಿದ್ದರೆ ಏನೇನು ಕೇಳಿಸಿಕೊಂಡಿರಬೇಕು ಯೋಚಿಸಿ. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದ ಹುಡುಗರು ಮಳೆಯ ಕೆಸರಿನಲ್ಲಿ ಕುಣಿದರು. ಅದಕ್ಕೂ ಮೊದಲು 2005ರಲ್ಲಿ ಇದೇ ಮೈದಾನದಲ್ಲಿ ಸಿ. ಅಶ್ವಥ್ 'ಕನ್ನಡವೇ ಸತ್ಯ' ನಡೆಸಿದರು. ಅಂದು ಸೇರಿದ್ದ ಜನಸಾಗರವನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಎದೆ ಸೀಳಿ ಬರುವ ಅಶ್ವಥ್ ದನಿ ಕೇಳಿ ಅಮ್ಮ ಅತ್ತಿದ್ದಳು. ನಮ್ಮ ದೊಡ್ಡಪ್ಪ ಒಬ್ಬರಿದ್ದರು, ಭಾವಗೀತೆ ಅಂದರೆ ಪಿಸುಗುಟ್ಟಿದ ಹಾಗಿರಬೇಕು ಎನ್ನುವವರು. ಕ್ಯಾಸೆಟ್ ಹಾಕಿದರೆ ಸಾಕು, "ಈ ಮನುಷ್ಯ ಹಾಡ್ತಾನೋ ಜಗಳಕ್ಕೆ ಬರ್ತಾನೋ" ಎಂದು ಎದ್ದು ಹೋಗುತ್ತಿದ್ದರು. ಷರೀಫರ ಪದಗಳನ್ನು ಆ ದನಿಯಲ್ಲಲ್ಲದೆ ಬೇರೆ ಹೇಗೆ ಹಾಡುವುದು ಎಂದು ಅಮ್ಮ ಅವರ ಬೆನ್ನಿಗೆ ವಾದ ಹಾಕುತ್ತಿದ್ದಳು. ದನಿಯ ಬಗ್ಗೆ ನಮ್ಮ ಮನೆ ಇಬ್ಭಾಗವಾದದ್ದು ಇದೇ ಮೊದಲಲ್ಲ.

ಹುಡುಗಿಗೆ ಈಗ ಹುರುಪು ಬಂತು. "ಇನ್ನೊಂದು ಹಾಕ್ತೀನಿ, ನಮ್ಮೂರಿನದ್ದೇ. ನಾಲ್ಕು ನಿಮಿಷ ಕೊಡಿ ಮಾಮ."

ಹಾಕಿದ್ದು ಕ್ರಿಪ್ಟೋಸ್. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ತಂಡ, 2024ರ ಜುಲೈನಲ್ಲಿ ಜರ್ಮನಿಯ ಎಎಫ್‌ಎಂ ಕಂಪನಿಯಿಂದ ಏಳನೆಯ ಆಲ್ಬಂ 'ಡೆಸಿಮೇಟರ್' ತಂದಿತು. ಇವರನ್ನು ಪ್ರೊಗ್ರೆಸಿವ್ ಎನ್ನುವುದಿಲ್ಲ. ಹಳೆಯ ಕಾಲದ ಹೆವಿ ಮೆಟಲ್. 1980ರ ಇಂಗ್ಲೆಂಡಿನ ಗಾಳಿ. ಎರಡು ಗಿಟಾರು ಒಂದೇ ರಾಗವನ್ನು ಕೈಕೈ ಹಿಡಿದು ನುಡಿಸುತ್ತವೆ, ಜುಗಲ್ಬಂದಿಯ ಹಾಗೆ ಒಂದಕ್ಕೊಂದು ಸವಾಲಲ್ಲ, ಅಕ್ಕತಂಗಿಯರು ಒಟ್ಟಿಗೆ ಹಾಡಿದ ಹಾಗೆ. ಎಷ್ಟು ಇಂಪಾಗಿದೆ ಎಂದರೆ ಅಮ್ಮ ಕೂಡ ಸೋಫಾದ ತುದಿಯಲ್ಲಿ ಕೂತಳು. ಇಂಥ ಗಿಟಾರಿನ ಮೇಲೆ ಆಕಾಶಕ್ಕೇರುವ ತಾರಸ್ಥಾಯಿಯ ದನಿ ಬರಬೇಕು ಎಂಬುದು ಲೋಕರೂಢಿ. ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ಎಲ್ಲ ಹಾಗೆಯೇ. ನೋಲನ್ ಲೂಯಿಸ್ ಬಾಯಿ ತೆರೆದರೆ ಬಂದದ್ದು ಗೊಗ್ಗರು! ಒಣಗಂಟಲಿನ, ಮರಳುಕಾಗದ ಉಜ್ಜಿದ ಗೊಗ್ಗರು. ಹೂವಿನ ಹಾರದ ನಡುವೆ ಮುಳ್ಳುತಂತಿ.

ಈ ತಂಡದ ಬಗ್ಗೆ ಎಲ್ಲಿ ಮಾತು ಬಂದರೂ ಜಗಳ ಇಲ್ಲಿಗೇ ಬಂದು ನಿಲ್ಲುತ್ತದೆಯಂತೆ: ಗಿಟಾರು ಬಂಗಾರ, ಆದರೆ ಆ ದನಿ ಯಾಕೆ? ಓಪೆತ್ ವಿಷಯದಲ್ಲಿ ಗುಟುರು ಹೋಯಿತೆಂದು ಗಲಾಟೆಯಾದರೆ, ಇವರ ವಿಷಯದಲ್ಲಿ ಗುಟುರು ಇದೆಯೆಂದು ಗಲಾಟೆ. ನಾನು ಎರಡನೆಯ ಸಲ ಕೇಳಿದೆ, ಮೂರನೆಯ ಸಲ ಕೇಳಿದೆ. ನನ್ನ ಪಕ್ಷ ನಿಧಾನವಾಗಿ ಬದಲಾಯಿತು. ರಾಗದ ಕೆಲಸವನ್ನು ಪೂರ್ತಿ ಗಿಟಾರುಗಳಿಗೆ ಬಿಟ್ಟು ಈ ಮನುಷ್ಯ ತಾಳದ ಕೆಲಸಕ್ಕೆ ನಿಂತಿದ್ದಾನೆ. ಅವನ ಗಂಟಲು ಒಂದು ಚರ್ಮವಾದ್ಯ! ಅಲ್ಲಿ ಇಂಪಾದ ದನಿ ಇಟ್ಟರೆ ಮೂರು ಅಕ್ಕತಂಗಿಯರಾಗುತ್ತಿದ್ದರು, ಒಬ್ಬಳು ಹೆಚ್ಚಾಗುತ್ತಿದ್ದಳು. (ಹುಡುಗಿಗೆ ಈ ವಾದ ಇಷ್ಟವಾಯಿತು. ಅಮ್ಮನಿಗೆ ಆಗಲಿಲ್ಲ.)

ಈ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್‌ಗೆ ಹೋಗಿ ನುಡಿಸಿದ್ದಾರೆ. ವಾಕೆನ್ ಎಂಬುದು ಎರಡು ಸಾವಿರದ ಆಸುಪಾಸು ಜನರಿರುವ, ಹಸು ಮೇಯುವ ಹಳ್ಳಿ. ವರ್ಷಕ್ಕೊಮ್ಮೆ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಮೆಟಲ್ ಮಂದಿ ಬಂದು ಗುಡಾರ ಹಾಕುವ ಜಾತ್ರೆ. ಅವರಿಗೂ ಎರಡು ವರ್ಷ ಮೊದಲು, 2011ರಲ್ಲಿ, ನಮ್ಮ ಎಕ್ಸೆಂಟ್ರಿಕ್ ಪೆಂಡುಲಮ್ ಭಾರತದ ಸ್ಪರ್ಧೆ ಗೆದ್ದು ಅಲ್ಲಿಗೆ ಹೋಗಿತ್ತು. ಅವರದು ಅಪ್ಪಟ ಪ್ರೊಗ್ರೆಸಿವ್ ಮೆಟಲ್, ಲೆಕ್ಕ ತಪ್ಪಿಸುವ ತಾಳಗಳು. ಹಾಗೆಯೇ ಯಲಹಂಕದ ಕಡೆಯ ರೆಸಾರ್ಟಿನಲ್ಲಿ ಹಲವು ವರ್ಷ 'ಬ್ಯಾಂಗಲೋರ್ ಓಪನ್ ಏರ್' ಎಂಬ ಮೆಟಲ್ ಜಾತ್ರೆ ನಡೆಯಿತು. ಹೆಬ್ಬಾಳದ ಮೇಲುಸೇತುವೆ ಹತ್ತಿ ಇಳಿದರೆ ಯಲಹಂಕದ ದಾರಿ! ಉತ್ತರ ಬೆಂಗಳೂರಿನ ನಾವೆಲ್ಲ ಈ ಗುಟುರಿನ ದಾರಿಯಲ್ಲೇ ದಿನಾ ಹಾಲು ಮೊಸರು ತರುತ್ತಿದ್ದೆವು, ಗೊತ್ತೇ ಇರಲಿಲ್ಲ.

"ಗಂಟಲು ಹರಿದುಹೋಗಲ್ವೇನೇ ಅವರಿಗೆ?" ಅಮ್ಮ ಕೇಳಿದಳು. ನನಗೂ ಅದೇ ಪ್ರಶ್ನೆ.

ಆಗ ಹುಡುಗಿ ನನ್ನನ್ನು ಎಬ್ಬಿಸಿ ಅಡುಗೆಮನೆಯ ಮೂಲೆಗೆ ಕರೆದುಕೊಂಡು ಹೋದಳು. ಅಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು. "ಎತ್ತಿ ಮಾಮ." ಎತ್ತಿದೆ. ಎತ್ತುವಾಗ ಎಲ್ಲರ ಹಾಗೆ ನನ್ನ ಗಂಟಲಿನಿಂದಲೂ "ಹ್ಞ್‌ಗ್ಗ್" ಎಂದು ಒಂದು ಸದ್ದು ಬಂತು. "ಅದೇ!" ಎಂದು ಕುಣಿದಳು. "ಅದೇ ಗ್ರೌಲು!"

ವಿಷಯ ಹೀಗಿದೆ. ನಾವು ಮಾತಾಡುವುದು, ಹಾಡುವುದು ಗಂಟಲ ಪೆಟ್ಟಿಗೆಯೊಳಗಿನ ಒಂದು ಜೊತೆ ಧ್ವನಿತಂತುಗಳಿಂದ. ಗಂಡಸಿನ ಸಾಮಾನ್ಯ ಮಾತಿನಲ್ಲಿ ಅವು ಸೆಕೆಂಡಿಗೆ ನೂರು ನೂರಿಪ್ಪತ್ತು ಸಲ ಕಂಪಿಸುತ್ತವೆ. ಆದರೆ ಅವುಗಳ ಮೇಲೆ, ಮಹಡಿಯ ಮನೆಯ ಹಾಗೆ, ಇನ್ನೂ ಒಂದು ಜೊತೆ ಮಡಿಕೆಗಳಿವೆ! ವೈದ್ಯರು ಅವನ್ನು ಸುಳ್ಳು ಧ್ವನಿತಂತು ಎನ್ನುತ್ತಾರೆ. ಮಾತಿಗೆ ಅವು ಬೇಕಿಲ್ಲ. ನುಂಗುವಾಗ ಬಾಗಿಲು ಹಾಕುವುದು, ಕೆಮ್ಮುವಾಗ, ಭಾರ ಎತ್ತುವಾಗ ಉಸಿರನ್ನು ಬಿಗಿಹಿಡಿಯುವುದು ಅವುಗಳ ಕೆಲಸ. ಹುಟ್ಟಿದಂದಿನಿಂದ ಕಾವಲುಗಾರನ ಹಾಗೆ ಬಾಗಿಲಲ್ಲಿ ನಿಂತ ಆ ಮಡಿಕೆಗಳನ್ನು ಕರೆದು "ನೀನೂ ಹಾಡು" ಎಂದು ಹೇಳಿದವರೇ ಈ ಗುಟುರಿನವರು. ಅವು ಕೆಳಗಿನ ತಂತುಗಳ ಎರಡು ಕಂಪನಕ್ಕೆ ಒಂದರಂತೆ ಅಲುಗಿದರೆ ದನಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮಧ್ಯಸ್ಥಾಯಿಯಲ್ಲಿ ನಿಂತವನ ಬಾಯಿಂದ ಮಂದ್ರ ಕೇಳುತ್ತದೆ. ಮೆಟಲ್‌ನಲ್ಲಿ ಸುತ್ತಲಿನ ಮಾಂಸವೂ ಸೇರಿಕೊಂಡು ಅಡ್ಡಾದಿಡ್ಡಿ ಅಲುಗುವುದರಿಂದ ಆ ಒರಟು.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಲೋರ್ನಾ ಶೋರ್ ತಂಡದ ವಿಲ್ ರಾಮೋಸ್ ಎಂಬ ಗಾಯಕನ ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ, ಗುಟುರು ಹಾಕಿಸಿ, ಗಂಟಲಿನ ಒಳಗನ್ನು ನೋಡಿದ್ದಾರೆ. ಹುಡುಗಿ ಆ ಚಿತ್ರ ತೋರಿಸಿದಳು. ಎಳೆ ಗುಲಾಬಿ ಬಣ್ಣದ ಮಡಿಕೆಗಳು ಗಾಳಿಗೆ ಬಾಳೆಲೆ ಅಲುಗಿದ ಹಾಗೆ ಅಲುಗುತ್ತಿವೆ. ಈ ವಿದ್ಯೆಗೆ ಗುರುಗಳೂ ಇದ್ದಾರೆ. ನ್ಯೂಯಾರ್ಕಿನ ಮೆಲಿಸಾ ಕ್ರಾಸ್ ಎಂಬಾಕೆ 2005ರಲ್ಲೇ ಅರಚುವುದನ್ನು ಕಲಿಸುವ ಡಿವಿಡಿ ತಂದಿದ್ದರು, ಹೆಸರು 'ದ ಝೆನ್ ಆಫ್ ಸ್ಕ್ರೀಮಿಂಗ್'. ಕಲಿಯದೆ ಸುಮ್ಮನೆ ಕಿರುಚಿದರೆ ಗಂಟಲು ಕೆಡುವುದು ಖಂಡಿತ. ಕಲಿತವರದು ಅಷ್ಟು ಜೋರೂ ಇರುವುದಿಲ್ಲ ಎಂಬುದೇ ನನಗೆ ದೊಡ್ಡ ಅಚ್ಚರಿ. ಪಕ್ಕದಲ್ಲಿ ನಿಂತರೆ ಮಾತಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ; ಉಳಿದದ್ದು ಮೈಕಿನ ಕೆಲಸ.

ಇಷ್ಟಾದ ಮೇಲೆ ನನಗೆ ಒಂದು ಹಳೆಯ ಬೆಳಗು ನೆನಪಾಯಿತು ನೋಡಿ, ಎದ್ದು ನಿಂತುಬಿಟ್ಟೆ. ಮೈಸೂರಿನಿಂದ ಮಡಿಕೇರಿ ಕಡೆ ಹೋಗುವಾಗ ಹುಣಸೂರು ಸಿಗುತ್ತದೆ. ಆ ತಾಲ್ಲೂಕಿನ ಗುರುಪುರದಲ್ಲಿ ಟಿಬೆಟಿನವರ ನೆಲೆಯಿದೆ, ಅಲ್ಲೇ ಗ್ಯುಮೆ ತಾಂತ್ರಿಕ ಮಠ. ಟಿಬೆಟಿನಲ್ಲಿ 1433ರಲ್ಲಿ ಆರಂಭವಾದ ಮಠ, ಚೀನಾ ಬಂದ ಮೇಲೆ ತಪ್ಪಿಸಿಕೊಂಡವರು ನಮ್ಮ ತಂಬಾಕಿನ ಹೊಲಗಳ ನಡುವೆ ಮತ್ತೆ ಕಟ್ಟಿಕೊಂಡರು. ವರ್ಷಗಳ ಹಿಂದೆ ಗೆಳೆಯನೊಬ್ಬನ ಜೊತೆ ನಸುಕಿನಲ್ಲಿ ಅಲ್ಲಿಗೆ ಹೋಗಿದ್ದೆ. ಪ್ರಾರ್ಥನಾ ಮಂದಿರದ ಹೊರಗೆ ನಿಂತಿದ್ದಾಗ ಒಳಗೆ ಯಾವುದೋ ಜನರೇಟರ್ ಚಾಲೂ ಆಯಿತು ಅಂದುಕೊಂಡೆ. ಇಣುಕಿದರೆ ಸಾಲಾಗಿ ಕೂತ ಭಿಕ್ಷುಗಳು! ಬಾಯಿ ಅರ್ಧ ತೆರೆದಿದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಷ್ಟು ಶಾಂತಿ, ಗಂಟಲಿನಿಂದ ನೆಲ ನಡುಗಿಸುವ ಮಂದ್ರ. ಅದೇ ಮಡಿಕೆಗಳು. ಅದೇ ಮಹಡಿಯ ಮನೆ!

ಇಂಥದೇ ಪಠಣವನ್ನು 1964ರಲ್ಲಿ ಗ್ಯುತೋ ಎಂಬ ಇನ್ನೊಂದು ಟಿಬೆಟಿ ಮಠದ ಭಿಕ್ಷುಗಳಿಂದ ಕೇಳಿದ ಹಸ್ಟನ್ ಸ್ಮಿತ್ ಎಂಬ ಧರ್ಮಶಾಸ್ತ್ರದ ಅಧ್ಯಾಪಕರು ಬೆರಗಾಗಿ ಧ್ವನಿಮುದ್ರಿಸಿಕೊಂಡರು. ಒಬ್ಬನೇ ಮನುಷ್ಯನ ಗಂಟಲಿನಿಂದ ಒಟ್ಟಿಗೆ ಎರಡು ಸ್ವರ ಕೇಳುವುದು ಹೇಗೆ ಎಂದು ಎಂಐಟಿಯ ಕೆನೆತ್ ಸ್ಟೀವನ್ಸ್ ಮುಂತಾದವರ ಜೊತೆ ಸೇರಿ 1967ರಲ್ಲಿ ಶಬ್ದವಿಜ್ಞಾನದ ಪತ್ರಿಕೆಯಲ್ಲಿ ಬರೆದರು. ಆಮೇಲೆ ಅಮೆರಿಕದ ರಾಕ್ ಮಂದಿ ಭಿಕ್ಷುಗಳನ್ನು ಹುಡುಕಿಕೊಂಡು ಹೋದರು. ನಮ್ಮ ಹುಣಸೂರಿನವರನ್ನು ನಾವು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋದೆವು.

"ಅಲ್ಲಿವರೆಗೆ ಯಾಕೋ ಹೋಗ್ಬೇಕು," ಎಂದಳು ಅಮ್ಮ. ಅವಳ ತವರು ಪುತ್ತೂರಿನ ಕಡೆ. "ಬಣ್ಣದ ವೇಷ ನೋಡಿಲ್ವಾ ನೀನು?"

ಹೌದಲ್ಲ! ಯಕ್ಷಗಾನದ ತೆಂಕುತಿಟ್ಟಿನಲ್ಲಿ ರಕ್ಕಸ ಬರುವ ಹೊತ್ತು. ನಡುರಾತ್ರಿ ಕಳೆದಿದೆ, ಮಕ್ಕಳು ತೂಕಡಿಸುತ್ತಿದ್ದಾರೆ. ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಬರೆಸಿಕೊಂಡ ಮುಖ ಇನ್ನೂ ತೆರೆಯ ಹಿಂದಿದೆ. ಕಾಣುವುದು ಕಿರೀಟದ ತುದಿ ಮಾತ್ರ. ಚೆಂಡೆ ಏರುತ್ತದೆ, ತೆರೆ ನಡುಗುತ್ತದೆ, ಆಗ ಹಿಂದಿನಿಂದ ಏಳುತ್ತದೆ ಆ ಆರ್ಭಟ. ಬಣ್ಣದ ಮಹಾಲಿಂಗರ ಅಬ್ಬರವನ್ನು ಚಿಕ್ಕವಳಾಗಿದ್ದಾಗ ಕೇಳಿ ಹೆದರಿ ಅಜ್ಜನ ಪಂಚೆಯೊಳಗೆ ಮುಖ ಹುದುಗಿಸಿದ್ದನ್ನು ಅಮ್ಮ ಇವತ್ತಿಗೂ ಹೇಳುತ್ತಾಳೆ. ಅಲ್ಲಿ ಭಾಗವತರು ಹಾಡುತ್ತಾರೆ, ರಕ್ಕಸ ಆರ್ಭಟಿಸುತ್ತಾನೆ. ಒಂದು ತಿಳಿದನಿ, ಒಂದು ಗುಟುರು, ಒಂದೇ ರಂಗಸ್ಥಳ! ಸ್ಟಾಕ್‌ಹೋಮಿನವನು ಎರಡನ್ನೂ ಒಂದೇ ಗಂಟಲಿಗೆ ಹಾಕಿಕೊಂಡಿದ್ದಾನೆ, ಅಷ್ಟೇ ವ್ಯತ್ಯಾಸ. ಇನ್ನು 2022ರಲ್ಲಿ 'ಕಾಂತಾರ' ಬಂದಾಗ ದೈವದ ಆ ಕೂಗಿಗೆ ಥಿಯೇಟರಿನಲ್ಲಿ ಇದೇ ಅಮ್ಮ ಕೈಮುಗಿದಳು. ಅವತ್ತು ಯಾರಿಗೂ ವಾಂತಿ ನೆನಪಾಗಲಿಲ್ಲ.

ಪದಗಳನ್ನೇ ನೋಡಿ. ಗುಟುರು, ಗೊಗ್ಗರು, ಗುರುಗುಟ್ಟು, ಅಬ್ಬರ, ಆರ್ಭಟ, ಹೂಂಕಾರ, ಬೊಬ್ಬೆ, ಗರ್ಜನೆ, ಅರಚು, ಚೀರು, ಕಿರುಚು. ಮೆಟಲ್ ಮಂದಿ ಹೆಚ್ಚಾಗಿ ಗ್ರೌಲ್, ಸ್ಕ್ರೀಮ್ ಎಂದು ಎರಡರಲ್ಲಿ ಮುಗಿಸುವಾಗ ನಮ್ಮಲ್ಲಿ ಒಂದೊಂದಕ್ಕೂ ಒಂದೊಂದು ತೂಕ. ಗೂಳಿಯದು ಬೇರೆ, ನಾಯಿಯದು ಬೇರೆ, ರಕ್ಕಸನದು ಬೇರೆ, ಶೀತವಾದವನದು ಬೇರೆ. ಇಷ್ಟೆಲ್ಲ ಸದ್ದು ಕಿವಿಗೊಟ್ಟು ಕೇಳಿ ಹೆಸರಿಟ್ಟ ಜನ ನಾವು.

ಮಧ್ಯಾಹ್ನದ ಹೊತ್ತಿಗೆ ನಾನು ಅಟ್ಟದಿಂದ 'ಸಂಗೀತ ರತ್ನಾಕರ'ದ ಅನುವಾದವನ್ನು ಇಳಿಸಿದ್ದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ಶಾರ್ಙ್ಗದೇವ ಬರೆದದ್ದು; ಅದಕ್ಕೆ ವಿಜಯನಗರದಲ್ಲಿ ಕೂತು ಕಲ್ಲಿನಾಥ ಟೀಕೆ ಬರೆದ. ಅದರಲ್ಲಿ ಕೆಟ್ಟ ಗಾಯಕರ ಪಟ್ಟಿಯೊಂದಿದೆ, ಇಪ್ಪತ್ತೈದು ಬಗೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಒಣದನಿಯಲ್ಲಿ ಅರಚುವವನು ಉದ್ಘುಷ್ಟ. ಬಾಯನ್ನು ಭಯಂಕರವಾಗಿ ತೆರೆಯುವವನು ಕರಾಲಿ. ಕಾಗೆಯ ದನಿಯವನು ಕಾಕಿ. ಕತ್ತು ಮುಖದ ನರ ಉಬ್ಬಿಸುವವನು ಝೋಂಬಕ. ಕೆನ್ನೆಯನ್ನು ಸೋರೆಬುರುಡೆ ಮಾಡಿಕೊಳ್ಳುವವನು ತುಂಬಕಿ. ಒಂದೊಂದು ಓದಿದಾಗಲೂ ಹುಡುಗಿ ಫೋನಿನಲ್ಲಿ ಒಬ್ಬೊಬ್ಬ ಮೆಟಲ್ ಗಾಯಕನ ಚಿತ್ರ ತೋರಿಸಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಎಂಟುನೂರು ವರ್ಷದ ಹಿಂದೆ ಆ ಮಹಾನುಭಾವ ಯಾರನ್ನು ನೋಡಿ ಬರೆದನೋ!

"ಕಣ್ಣು ಮುಚ್ಚಿ ಹಾಡುವವನು ನಿಮೀಲಕ," ಎಂದು ಓದಿದೆ.

"ಕಣ್ಣು ಮುಚ್ಚೋದೂ ತಪ್ಪಾ?" ಅಮ್ಮ ಬೆಚ್ಚಿದಳು. ಅವಳಿಗೆ ವೀಣೆ ಹೇಳಿಕೊಟ್ಟ ಮೇಷ್ಟ್ರು ಹಾಡಲು ತೊಡಗಿದರೆ ಮುಗಿಯುವವರೆಗೆ ಕಣ್ಣೇ ಬಿಡುತ್ತಿರಲಿಲ್ಲವಂತೆ. ರಾಮನವಮಿಯ ಪೆಂಡಾಲುಗಳಲ್ಲಿ ಶಾರ್ಙ್ಗದೇವ ಬಂದು ಕೂತರೆ ಅರ್ಧ ವಿದ್ವಾಂಸರು ಫೇಲು.

ಪಟ್ಟಿಯಲ್ಲಿ ಇನ್ನೊಂದು ಹೆಸರು: ಮಿಶ್ರಕ. ರಾಗಗಳನ್ನು ಬೆರೆಸಿಬಿಡುವವನು. ಹುಡುಗಿ ಚೀರಿದ್ದು ಪಕ್ಕದ ಮನೆಗೂ ಕೇಳಿರಬೇಕು. ಬೆಂಗಳೂರಿನಲ್ಲೇ 'ಪ್ರಾಜೆಕ್ಟ್ ಮಿಶ್ರಂ' ಎಂಬ ತಂಡವಿದೆಯಂತೆ! ಕೊಳಲು, ಪಿಟೀಲು, ಕರ್ನಾಟಕ ಸಂಗೀತದ ಹಾಡಿಕೆ ಒಂದು ಕಡೆ. ಪ್ರೊಗ್ರೆಸಿವ್ ಮೆಟಲಿನ ಗಿಟಾರು, ಗುಟುರು ಇನ್ನೊಂದು ಕಡೆ. ಶಾರ್ಙ್ಗದೇವ ಬೈಗುಳವಾಗಿ ಇಟ್ಟ ಹೆಸರಿನ ಪಕ್ಕದ ಹೆಸರನ್ನೇ ಇವರು ಬೋರ್ಡಿಗೆ ಬರೆಸಿಕೊಂಡಿದ್ದಾರೆ. ತ್ಯಾಗರಾಜರ ವರಾಳಿ ಪಂಚರತ್ನವನ್ನೂ ಎತ್ತಿಕೊಂಡಿದ್ದಾರೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಡಬಾರದು, ಹೇಳಿಕೊಟ್ಟರೆ ಅವರಿಬ್ಬರಲ್ಲಿ ಬಿರುಕು ಬೀಳುತ್ತದೆ ಎಂದು ನಂಬುವ ಮನೆ ನಮ್ಮದು. ಅಮ್ಮ ಏನು ಹೇಳುತ್ತಾಳೋ ಎಂದು ನಾನು ಉಸಿರು ಬಿಗಿಹಿಡಿದೆ, ಆ ಮೇಲಿನ ಮಡಿಕೆಗಳಿಂದಲೇ.

"ಹಾಕು ನೋಡೋಣ," ಎಂದಳು.

ಕೇಳಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಬಲಗೈ ಮಾತ್ರ ತೊಡೆಯ ಮೇಲೆ ಹೋಗಿತ್ತು, ಬೆರಳುಗಳು ಎಣಿಸುತ್ತಿದ್ದವು. ಒಂದು ಕಡೆ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಹಿಡಿಯಿತು. ಹಾಡು ಮುಗಿದ ಮೇಲೆ, "ಹುಡುಗರಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ನಾನೇ ಒಂದು ಕಡೆ ತಪ್ಪಿದೆ," ಎಂದಳು. ಗುಟುರಿನ ಬಗ್ಗೆ ಕೇಳಿದರೆ, "ಸತ್ತವನಿಗೆ ಸರಿ. ತ್ಯಾಗರಾಜರಿಗೆ ಯಾಕೆ ಅದು?" ಎಂದು ಎದ್ದು ಹುಳಿಗೆ ಒಗ್ಗರಣೆ ಹಾಕಲು ಹೋದಳು. ಹುಡುಗಿ ಅವಳ ಹಿಂದೆಯೇ ಹೋದಳು, ವಾದ ಮಾಡುತ್ತ. ಆ ವಾದ ಊಟದ ಎಲೆಯ ಮುಂದೆಯೂ ನಡೆಯಿತು. ಈಗಲೂ ವಾರಕ್ಕೊಮ್ಮೆ ನಡೆಯುತ್ತದೆ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟೆ. ಕ್ಯಾನು ಎತ್ತುವುದನ್ನು ನೆನೆದುಕೊಂಡೆ. ಮೊದಲ ಸಲ ಕೆಮ್ಮು ಬಂತು. ಎರಡನೆಯ ಸಲ ಏನೂ ಬರಲಿಲ್ಲ. ಮೂರನೆಯ ಸಲ, ನಿಜ ಹೇಳುತ್ತೇನೆ, ಎದೆಯ ಮೂಳೆಯ ಹಿಂದಿನಿಂದ ಏನೋ ಒಂದು ಎದ್ದಿತು, ಐವತ್ತು ವರ್ಷ ಯಾರೂ ಕರೆಯದೆ ಮೂಲೆಯಲ್ಲಿ ಕೂತಿದ್ದ ಪ್ರಾಣಿಯ ಹಾಗೆ, ಬಕೆಟ್ಟಿನ ನೀರು ಅದುರಿದ ಹಾಗೆ ಕಂಡಿತು, ಎರಡು ಸೆಕೆಂಡು ಇತ್ತು, ಹೋಯಿತು.

ಮಹಡಿಯ ಮೇಲಿನ ಬಾಡಿಗೆಯ ಹುಡುಗ ಬಾಲ್ಕನಿಯಿಂದ ಬಗ್ಗಿ ಕೇಳಿದ: "ಅಂಕಲ್, ಕಾಂಪೌಂಡಿಗೆ ನಾಯಿ ಏನಾದ್ರೂ ನುಗ್ಗಿದೆಯಾ?"

ಕೋಣೆಯ ಕತ್ತಲಿನಿಂದ ಅಮ್ಮನ ದನಿ ಬಂತು.

"ನಾಯಿಯಲ್ಲಪ್ಪ, ಇವನೇ. ಶ್ರುತಿ ಸೇರ್ತಿಲ್ಲ."